ಉಣ್ಣದವಳ ಗುಡ್ಡ

ಊರಿನ ಕೊನೆಯ ಮನೆಗೆ ತೆನೆ ಮುಟ್ಟುವ ತನಕ ಯಾರೂ ಹೊಸ ಅಕ್ಕಿಯನ್ನು ಬಾಯಿಗಿಡಬಾರದು. ಅಂಬಡೆಕೋಡಿಯ ಕ್ರೈಸ್ತರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಇದು. ಇದರಲ್ಲಿ ‘ಆದರೆ’ ಎಂಬ ಮಾತಿಗೆ ಜಾಗವಿಲ್ಲ. ಹಿಂದೆ ಒಮ್ಮೆ ಊರಿಗೆ ಊರೇ ಇದನ್ನು ಮುರಿಯಿತು. ಮುರಿದವರ ವಂಶದವರೇ ನಾವು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೊಳೆ ಕಡಲನ್ನು ಸೇರುವ ಕಡೆ, ಮೇಲ್ಕೇರಿ ಮತ್ತು ಕೆಳಕೇರಿಗಳ ನಡುವೆ, ಮುರಕಲ್ಲಿನ ಒಂದು ಕೆಂಪು ಗುಡ್ಡವಿದೆ. ನೆತ್ತಿಯಲ್ಲಿ ಸಣ್ಣ ಇಗರ್ಜಿ, ಅದರ ಮುಂದೆ ಕಲ್ಲಿನ ಶಿಲುಬೆ, ಶಿಲುಬೆಯ ಬುಡದಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಒಂದು ಕಲ್ಲು. ಹೊರಗಿನವರು ಅದನ್ನು ಯಾರದೋ ಸಮಾಧಿ ಎಂದುಕೊಂಡು ಮೇಣದ ಬತ್ತಿ ಹಚ್ಚುತ್ತಾರೆ. ಅದು ಸಮಾಧಿಯಲ್ಲ. ರಸ್ತೆಯ ಫಲಕದಲ್ಲಿ ‘ಶಿಲುಬೆ ಗುಡ್ಡ’ ಎಂದು ಬರೆದಿದ್ದಾರೆ, ಅದೂ ತಪ್ಪು. ‘ಉಣ್ಣದವಳ ಗುಡ್ಡ’ ಎಂದು ಹೇಳಿ ನೋಡಿ, ಬಸ್ಸಿನವನು ಕೇಳದೆ ಇಳಿಸುತ್ತಾನೆ. ಹೊಟ್ಟೆಗಿಲ್ಲದೆ ಸತ್ತ ಯಾವಳೋ ಬಡವಿಯ ಹೆಸರು ಅದೆಂದು ಕೆಲವರು ಮರುಗುತ್ತಾರೆ. ಮರುಗುವ ಅಗತ್ಯವಿಲ್ಲ. ಆ ಹೆಂಗಸಿನ ಮನೆಯಲ್ಲಿ ಅಕ್ಕಿಗೆ ಬರ ಇರಲಿಲ್ಲ.

ಮತಯುದ್ಧವೆಂದರೆ ಎರಡು ಮತಗಳ ನಡುವಿನ ಕಾದಾಟ ಎಂದು ಶಾಲೆಯಲ್ಲಿ ನಮಗೆ ಕಲಿಸಿದರು. ಅದು ಅರ್ಧ ನಿಜ. ಮಧ್ಯಯುಗದ ಯುರೋಪಿನಲ್ಲಿ, ಎದೆಯ ಮೇಲೆ ಶಿಲುಬೆ ಹೊಲಿಸಿಕೊಂಡವರು ಕ್ರಿಸ್ತನನ್ನೇ ನಂಬಿದವರ ಊರುಗಳನ್ನು ಮುತ್ತಿ ಸುಟ್ಟಿದ್ದಾರೆ. ಆ ಬೆಂಕಿಯ ಒಂದು ಕಿಡಿ ಎಷ್ಟೋ ಕಾಲದ ಮೇಲೆ ಹಡಗು ಹತ್ತಿ ನಮ್ಮ ತೀರಕ್ಕೂ ಬಂತು ಎನ್ನುತ್ತಾರೆ ಹಿರಿಯರು. ಅದು ನಾಯಕರ ಆಳ್ವಿಕೆಯ ಕಾಲ. ಇಗರ್ಜಿಯಲ್ಲಿ ಒಬ್ಬ ಬಿಷಪರ ಓಲೆಯಿಂದ ನೇಮಕವಾದ ಹಳೆಯ ಪಾದ್ರಿ ಇದ್ದರು. ಬೇರೊಬ್ಬ ಬಿಷಪರ ಓಲೆ ಹಿಡಿದು ಹೊಸ ಪಾದ್ರಿಯೊಬ್ಬರು ಬಂದಿಳಿದರು. ತಾನು ತಲೆಗೆ ನೀರು ಹೊಯ್ದು ಕೊಟ್ಟ ಸಂಸ್ಕಾರವೇ ಸಂಸ್ಕಾರ, ಅವನು ಕೊಟ್ಟದ್ದು ಬರೀ ನೀರು ಎಂದು ಇಬ್ಬರೂ ಸಾರಿದರು. ಮೇಲ್ಕೇರಿ ಹಳಬರ ಬೆನ್ನಿಗೆ ನಿಂತಿತು, ಕೆಳಕೇರಿ ಹೊಸಬರ ಬೆನ್ನಿಗೆ. ಇಗರ್ಜಿಯ ಬಾಗಿಲಿಗೆ ಎರಡು ಬೀಗ ಬಿದ್ದವು. ಆಷಾಢದ ಒಂದು ಭಾನುವಾರ ಬೀಗ ಒಡೆಯಲು ಬಂದವರೂ ಕಾಯಲು ನಿಂತವರೂ ಕತ್ತಿ ಹಿರಿದರು. ಎರಡೂ ಕಡೆಯವರ ಕೊರಳಿನಲ್ಲಿ ಜಪಸರ ಇತ್ತು. ಅಂದು ಮೇಲ್ಕೇರಿಯ ಮುಖಂಡ, ಗುರಿಕಾರ ಬೊಸ್ತ್ಯಾಂವನ ಕತ್ತಿಗೆ ಕೆಳಕೇರಿಯ ಜಾಕು ಎಂಬವನು ಸತ್ತ. ಜಾಕುವಿನ ಹೆಂಡತಿ ಲೊರ್ಸಾ, ಕೆಳಕೇರಿಯ ಕಟ್ಟಕಡೆಯ ಮನೆಯವಳು.

ಬೊಸ್ತ್ಯಾಂವನ ತಾಯಿ ಕಾಯ್ತಾನ್‌ಬಾಯಿ. ತೆನೆ ಹಂಚುವ ಹಕ್ಕು ತಲೆಮಾರುಗಳಿಂದ ಅವಳ ಮನೆಯದು. ಮರಿಯಮ್ಮನವರ ಹುಟ್ಟುಹಬ್ಬದಂದು ಹರಸಿದ ಹೊಸ ತೆನೆಗಳನ್ನು ಆ ಮನೆಯ ಹಿರಿಯವಳು ಬುಟ್ಟಿಯಲ್ಲಿ ಹೊತ್ತು, ಎರಡೂ ಕೇರಿಗಳಲ್ಲಿ ಮನೆಗೊಂದರಂತೆ ಕೊಟ್ಟು, ಗುಡ್ಡಕ್ಕೆ ಮರಳಿ ಶಿಲುಬೆಯ ಬುಡದಲ್ಲಿ ಕೂರುತ್ತಿದ್ದಳು. ಹೊಸ ಅಕ್ಕಿಯ ಪಾಯಸವನ್ನು ಅವಳ ಬಟ್ಟಲಿಗೆ ಬಡಿಸುತ್ತಿದ್ದರು. ಅವಳು ಬಾಯಿಗಿಟ್ಟ ಮೇಲೆ ಗಂಟೆ, ಗಂಟೆಯ ಮೇಲೆ ಊರಿನ ಊಟ. ಆ ವರ್ಷ ಅವಳು ಬುಟ್ಟಿ ಎತ್ತಿ ಕೆಳಕೇರಿಯ ದಾರಿ ಹಿಡಿದಾಗ ಮಗನೇ ಅಡ್ಡ ನಿಂತ.

“ಮಾಯ್, ಆ ಕೇರಿ ಈಗ ಊರಿಗೆ ಸೇರಿದ್ದಲ್ಲ.”

“ಹೌದಾ? ಹಾಗಾದ್ರೆ ನಿನ್ನ ತಂಗಿ ಅಲ್ಲಿ ಕಾಡಿನಲ್ಲಿ ಸಂಸಾರ ಮಾಡ್ತಿದ್ದಾಳಾ?”

ಹಳೆಯ ಪಾದ್ರಿ ಮುಂದೆ ಬಂದು ಸಮಾಧಾನವಾಗಿ ವಿವರಿಸಿದರು: ಕೆಳಕೇರಿಯವರು ಕ್ರೈಸ್ತರಾಗಿ ಉಳಿದಿಲ್ಲ, ಆದ್ದರಿಂದ ಅವರಿಗೆ ತೆನೆಯ ಹಕ್ಕಿಲ್ಲ, ಆದ್ದರಿಂದ ಕೊನೆಯ ಮನೆ ಎಂದರೆ ಮೇಲ್ಕೇರಿಯ ಕೊನೆಯ ಮನೆ. ತರ್ಕದಲ್ಲಿ ಒಂದು ಸಂದಿಯೂ ಇರಲಿಲ್ಲ. ಕಾಯ್ತಾನ್‌ಬಾಯಿ ಪೂರ್ತಿ ಕೇಳಿದಳು. “ಪಾದ್ರಿಗಳೇ, ಇವರ ತಲೆಗೆ ನೀರು ಹೊಯ್ದದ್ದು ಈ ಇಗರ್ಜಿ ಬಾವಿಯದ್ದು. ಅವರ ತಲೆಗೂ ಈ ಬಾವಿಯದ್ದೇ, ಹೊಯ್ದವರು ನೀವೇ. ಯಾರ ತಲೆ ಆರಿತು, ಯಾರದ್ದು ಆರಲಿಲ್ಲ ಅಂತ ಮುಟ್ಟಿ ನೋಡಿದ್ರಾ?”

ಹಿಂದಿನಿಂದ ಯಾರೋ, “ಬಾಯಿ, ಪಾಯಸ ತಣಿತಾ ಉಂಟು. ದೇವರಿಗೂ ಹಸಿವಾಗ್ತದೆ,” ಎಂದ.

“ದೇವರ ಹಸಿವನ್ನು ನಿನ್ನ ಹೊಟ್ಟೆಯಲ್ಲಿ ಹುಡುಕಬೇಡ, ಮಾರಾಯ,” ಎಂದು ಅವಳು ಬುಟ್ಟಿ ಇಳಿಸಿ ಮನೆಗೆ ನಡೆದಳು.

ಅವಳು ಉಣ್ಣದೆಯೇ ಅಂದು ಗಂಟೆ ಬಾರಿಸಿದರು. ಮೇಲ್ಕೇರಿ ಉಂಡಿತು. ಹೊಸ ಪಾದ್ರಿ ಬೇರೆ ತೆನೆ ಹರಸಿಕೊಟ್ಟರು, ಕೆಳಕೇರಿಯೂ ಉಂಡಿತು. ಎರಡೂ ಕೇರಿಗಳು ಊರೆಲ್ಲ ಉಂಡಿತು ಎಂದೇ ಹೇಳಿಕೊಂಡವು. ಕಾಯ್ತಾನ್‌ಬಾಯಿಯ ಲೆಕ್ಕದಲ್ಲಿ ಮಾತ್ರ ಆ ಹಬ್ಬ ಮುಗಿಯಲಿಲ್ಲ. ಹಬ್ಬ ಮುಗಿಯದೆ ಹೊಸ ಅಕ್ಕಿ ಮುಟ್ಟುವಂತಿಲ್ಲ. ಮನೆಯ ಹಳೆ ಅಕ್ಕಿ ತೀರಿತು. ಆಮೇಲೆ ಗೆಣಸು, ಹುರುಳಿ, ಹಲಸಿನ ಬೀಜ. ಮಗ ಪ್ರತಿದಿನ ಅವಳ ಎದುರಿಗೇ ಅನ್ನ ಉಣ್ಣಬೇಕಾಗಿತ್ತು. ಅವಳು ಬಯ್ಯಲಿಲ್ಲ, ಬಡಿಸುತ್ತಿದ್ದಳು. ಹೀಗೆ ಏಳು ವರ್ಷ.

ಎಂಟನೆಯ ವರ್ಷ ಹಳೆಯ ಪಾದ್ರಿ ತೀರಿಹೋದರು, ಹೊಸಬರನ್ನು ಹಿಂದಕ್ಕೆ ಕರೆಸಿಕೊಂಡರು. ಮೊದಲಿನ ಎರಡು ಓಲೆಗಳೂ ರದ್ದು ಎಂದು ಮೂರನೆಯ ಓಲೆ ಬಂತು. ಸತ್ತವರಿಗೆ ಆ ಓಲೆಯಿಂದ ಏನೂ ಆಗಲಿಲ್ಲ. ಬಾಗಿಲಿನ ಬೀಗಗಳು ಕಳಚಿದವು. ತೆನೆ ಹಬ್ಬಕ್ಕೆ ಎರಡೂ ಕೇರಿಗಳು ಗುಡ್ಡ ಹತ್ತಿದವು. ನಡೆಯಲಾರದ ಕಾಯ್ತಾನ್‌ಬಾಯಿಯನ್ನು ಶಿಲುಬೆಯ ಬುಡದಲ್ಲಿ ಕೂರಿಸಿ, ಅವಳ ಬುಟ್ಟಿಯನ್ನು ಸೊಸೆಯಂದಿರು ಹೊತ್ತು ಮನೆಮನೆಗೂ ಹೋಗಿ ಬಂದರು. ಬುಟ್ಟಿಯಲ್ಲಿ ಒಂದು ತೆನೆ ಉಳಿದಿತ್ತು. ಅವಳ ಕಣ್ಣು ಅದರ ಮೇಲೆ ಬಿತ್ತು.

“ಇದು ಯಾರದ್ದು?”

“ಲೊರ್ಸಾಳದ್ದು,” ಎಂದಳು ಕಿರಿಯ ಸೊಸೆ. “ಬಾಗಿಲು ತೆಗೀಲಿಲ್ಲ, ಅತ್ತೆ. ಮೂರು ಸಲ ಕರೆದೆವು.”

ಪಾಯಸದ ಸೌಟು ಬೊಸ್ತ್ಯಾಂವನ ಕೈಯಲ್ಲಿತ್ತು. “ಒಂದು ಮನೆ, ಮಾಯ್. ಊರಿಡೀ ಕಾಯ್ತಾ ಉಂಟು. ಏಳು ವರ್ಷ ಸಾಕು, ಉಣ್ಣು.”

“ಒಂದು ಮನೆ ಅನ್ಲಿಕ್ಕೆ ನಿನಗೆ ನಾಲಿಗೆ ಹೇಗೆ ಬಂತು?” ಎಂದಳು ಅವಳು. “ಆ ಬಾಗಿಲು ಯಾರಿಗೆ ಮುಚ್ಚಿದ್ದೋ ಅವನೇ ಹೋಗಿ ತಟ್ಟಬೇಕು.”

ಹಬ್ಬದ ದಿನ ಬಂದವರು ಇಂದಿಗೂ ನೋಡಬಹುದು: ಮೇಲ್ಕೇರಿಯ ಗುರಿಕಾರ ಬರಿಗಾಲಿನಲ್ಲಿ, ಸೊಂಟದಲ್ಲಿ ಕತ್ತಿಯಿಲ್ಲದೆ, ಮೊದಲ ತೆನೆಯನ್ನು ಕೆಳಕೇರಿಯ ಕೊನೆಯ ಮನೆಗೆ ಒಯ್ಯುತ್ತಾನೆ. ಮುಚ್ಚಿದ ಬಾಗಿಲನ್ನು ತಟ್ಟಿ ಅಂಗಳದಲ್ಲಿ ನಿಲ್ಲುತ್ತಾನೆ. ಒಳಗಿನವರು ತಮಗೆ ಬೇಕಾದಷ್ಟು ಹೊತ್ತು ಕಾಯಿಸುತ್ತಾರೆ. ಕೇಳುವ ಅಧಿಕಾರ ಯಾರಿಗೂ ಇಲ್ಲ. ಅಂದು ಬೊಸ್ತ್ಯಾಂವನಿಗೆ ಆ ಬಾಗಿಲು ತೆರೆಯುವಾಗ ಹೊತ್ತು ಇಳಿದಿತ್ತು ಎನ್ನುತ್ತಾರೆ. ಆಮೇಲೆ ಕಾಯ್ತಾನ್‌ಬಾಯಿ ಉಂಡಳು. ಆದರೂ ಊರು ಅವಳನ್ನು ಉಂಡವಳೆಂದು ನೆನೆಯಲಿಲ್ಲ. ಅವಳ ಬಟ್ಟಲು ಎಂದೋ ಸವೆದುಹೋಯಿತು, ಅದಿದ್ದ ಜಾಗದಲ್ಲಿ ಕಲ್ಲು ಕಡೆದಿಟ್ಟರು. ಆ ಬಾಗಿಲು ತೆರೆಯುವ ಮೊದಲು, ಮಗ ಸೌಟು ಹಿಡಿದು ಬಾಗಿದಾಗ, ಎರಡು ಕೇರಿಗಳ ಹಸಿದ ಕಣ್ಣುಗಳ ಮುಂದೆ, ಅವಳು ತನ್ನ ಬರಿದು ಬಟ್ಟಲನ್ನು ಅಲ್ಲಿ ಬೋರಲು ಹಾಕಿ, ಅದರ ಮೇಲೆ ಅಂಗೈ ಊರಿ ಕುಳಿತಳು.