ಮುನಿಶಾಮಿಯ ಕಟಿಂಗ್ ಶಾಪಿನಲ್ಲಿ ಹಕ್ಕಿನ ಮಾತು

ಒಂದು ಹಳ್ಳಿಯಲ್ಲಿ ಮುನಿಶಾಮಿ ಎಂಬವನ ಕಟಿಂಗ್ ಶಾಪ್ ಇತ್ತು. ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ಬಾವುಟ ಹಾರಿಸಿ ಮೂವರು ಅಲ್ಲಿಗೆ ಬಂದಿದ್ದರು. ನಿವೃತ್ತ ಮೇಷ್ಟ್ರು ರಂಗಧಾಮಯ್ಯ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಟ್ರ್ಯಾಕ್ಟರ್ ಇಟ್ಟಿದ್ದ ಕೆಂಚೇಗೌಡ, ಸೈಕಲ್ ರಿಪೇರಿ ಮಾಡುವ ದಸ್ತಗೀರ್ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದರು.

ಸಂವಿಧಾನ ಕೊಟ್ಟ ಹಕ್ಕುಗಳಲ್ಲಿ ಯಾವುದು ದೊಡ್ಡದು ಎಂದು ಮಾತು ಶುರುವಾಯಿತು.

“ಮಾತಾಡೋ ಹಕ್ಕು,” ಎಂದ ಕೆಂಚೇಗೌಡ. “ಬಾಯಿ ಮುಚ್ಚಿಸಿದ್ರೆ ಮನುಷ್ಯನಿಗೂ ಎತ್ತಿಗೂ ಏನು ವ್ಯತ್ಯಾಸ?”

“ಓದೋ ಹಕ್ಕು ದೊಡ್ಡದು ಗೌಡ್ರೇ,” ಎಂದ ದಸ್ತಗೀರ್. “ನಾನು ಮೂರನೇ ಕ್ಲಾಸಿಗೇ ಬಿಟ್ಟೆ. ಓದದೋನಿಗೆ ಮಿಕ್ಕ ಹಕ್ಕು ಇದೆ ಅನ್ನೋದೇ ಗೊತ್ತಾಗಲ್ಲ.”

ಮೇಷ್ಟ್ರು ನಕ್ಕರು. “ಎಲ್ಲಕ್ಕೂ ಬುಡ ಸಮಾನತೆ ಕಣಯ್ಯ. ಇವತ್ತಿನ ಭಾಷಣದಲ್ಲೂ ಅದನ್ನೇ ಹೇಳಿದೆ.”

ಹೊರಗೆ ಬಸ್ಸಿಗೆ ಕಾಯುತ್ತಿದ್ದ ಗಾರೆ ಕೆಲಸದ ಆಂಜಿನಪ್ಪನಿಗೆ ಇದೆಲ್ಲ ಕೇಳಿಸುತ್ತಿತ್ತು. ಅವನು ದಲಿತ ಕೇರಿಯವನು. ಆ ಕೇರಿಯವರು ಕಟಿಂಗ್ ಮಾಡಿಸಲು ಹದಿನಾಲ್ಕು ಕಿಲೋಮೀಟರ್ ದೂರದ ಪೇಟೆಗೆ ಹೋಗಬೇಕಿತ್ತು. ಮುನಿಶಾಮಿಯ ಅಂಗಡಿಗೆ ಅವರಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಮರುದಿನ ಆಂಜಿನಪ್ಪನ ಮಗಳ ನಿಶ್ಚಿತಾರ್ಥ. ರಜೆಯ ದಿನ, ಬಸ್ ಬರಲೇ ಇಲ್ಲ. ಒಳಗಿನ ಮಾತು ಕೇಳಿ ಅವನಿಗೆ ಒಂದಿಷ್ಟು ಧೈರ್ಯ ಬಂತು. ಬಾಗಿಲಿಗೆ ಬಂದು ನಿಂತ.

“ಮುನಿಶಾಮಣ್ಣ, ನನಗೂ ಕಟಿಂಗ್ ಮಾಡ್ತೀಯಾ?”

ಮುನಿಶಾಮಿಯ ಕೈ ನಿಂತಿತು. “ನನಗೇನೂ ಇಲ್ಲಪ್ಪ. ನಿನಗೆ ಮಾಡಿದ್ರೆ ಊರಿನೋರು ಇಲ್ಲಿಗೆ ಬರೋದು ಬಿಡ್ತಾರೆ. ನಾನು ಹೆಂಡತಿ ಮಕ್ಕಳನ್ನ ಸಾಕಬೇಕು.”

ಇಷ್ಟು ಹೊತ್ತು ವಾದ ಮಾಡಿದ ಮೂವರೂ ಬಾಗಿಲಿನಿಂದ ಮುಖ ತಿರುಗಿಸಿದರು. ಕೆಂಚೇಗೌಡ ಪೇಪರ್ ಎತ್ತಿಕೊಂಡ. ದಸ್ತಗೀರ್ ನೆಲ ನೋಡಿದ. ಮೇಷ್ಟ್ರು ಕನ್ನಡಿಯನ್ನೇ ನೋಡುತ್ತಾ ಕೂತರು.

ಆಂಜಿನಪ್ಪ ಜಗಳ ಮಾಡಲಿಲ್ಲ. “ಹೋಗ್ಲಿ ಬಿಡಣ್ಣ” ಎಂದು ತಿರುಗಿದ. ಅವನು ಮೆಟ್ಟಿಲು ಇಳಿಯುವುದು ಮೇಷ್ಟ್ರಿಗೆ ಕನ್ನಡಿಯಲ್ಲಿ ಕಂಡಿತು. ಬೆಳಿಗ್ಗೆ ಮಕ್ಕಳ ಮುಂದೆ ಆಡಿದ ಮಾತು ನೆನಪಾಗಿ ಅವರಿಗೆ ತುಂಬ ನಾಚಿಕೆಯಾಯಿತು. ಅರ್ಧ ಮುಖದಲ್ಲಿ ನೊರೆ ಇರುವಂತೆಯೇ ಎದ್ದರು.

“ಆಂಜಿನಪ್ಪ, ನಿಲ್ಲಪ್ಪ. ಬಂದು ಇಲ್ಲಿ ಕೂತ್ಕೋ. ನಿನ್ನದು ಆದ್ಮೇಲೆ ನನ್ನದು.”

“ಹಂಗಾದ್ರೆ ನಾಳೆಯಿಂದ ನಾನು ಈ ಕಡೆ ಬರಲ್ಲ,” ಎಂದು ಕೆಂಚೇಗೌಡ ಎದ್ದು ಹೋದ.

ಮುನಿಶಾಮಿ ಹೆದರಿ ದಸ್ತಗೀರನ ಮುಖ ನೋಡಿದ. ದಸ್ತಗೀರ್ ತಲೆಯೆತ್ತಿ ಹೇಳಿದ: “ನಾನು ಬರ್ತೀನಿ ಮುನಿಶಾಮಣ್ಣ. ನಮ್ಮ ಓಣಿಯೋರನ್ನೂ ಕರ್ಕೊಂಡು ಬರ್ತೀನಿ. ನೀನು ಕತ್ತರಿ ತಗೋ.”

ಮುನಿಶಾಮಿ ಹೊಸ ಬಟ್ಟೆ ಕೊಡವಿ ಆಂಜಿನಪ್ಪನ ಕೊರಳಿಗೆ ಕಟ್ಟಿದ.

ಒಂದು ತಿಂಗಳು ಅಂಗಡಿಗೆ ಜನ ಕಡಿಮೆಯಾದರು. ಮೇಷ್ಟ್ರು ಮನೆಮನೆಗೆ ಹೋಗಿ ಮಾತಾಡಿದರು. ಕೆಲವರು ಬೈದರು, ಕೆಲವರು ಕೇಳಿಸಿಕೊಂಡರು. ಆಂಜಿನಪ್ಪನ ಕೇರಿಯವರು ಬರತೊಡಗಿದರು. ಬರುಬರುತ್ತಾ ಉಳಿದವರೂ ಬಂದರು. ಕೊನೆಗೆ ಪೇಟೆಗೆ ಓಡಾಡಿ ಸಾಕಾದ ಕೆಂಚೇಗೌಡನೂ ಬಂದು ಬೆಂಚಿನ ಮೇಲೆ ಕೂತ. ಆಗ ಪಕ್ಕದಲ್ಲಿ ಇದ್ದವನು ಆಂಜಿನಪ್ಪ.

ಅಲ್ಲೇ ಕೂತಿದ್ದ ಮೇಷ್ಟ್ರು ಕೇಳಿದರು: “ಆಂಜಿನಪ್ಪ, ಅವತ್ತು ನಮ್ಮ ಮಾತೆಲ್ಲ ಕೇಳಿಸ್ಕೊಂಡೆಯಲ್ಲ, ಯಾವ ಹಕ್ಕು ದೊಡ್ಡದು ಅನ್ನಿಸ್ತು?”

“ಅದು ನನಗೆ ತಿಳೀಲಿಲ್ಲ ಮೇಷ್ಟ್ರೇ,” ಎಂದ ಅವನು. “ನೀವು ಕುರ್ಚಿ ಬಿಟ್ಟು ಎದ್ರಲ್ಲ, ಆವಾಗ ನನಗೂ ಒಂದು ಹಕ್ಕಿದೆ ಅಂತ ಗೊತ್ತಾಯ್ತು.”

ನೀತಿ: ಹಕ್ಕುಗಳಲ್ಲಿ ಯಾವುದು ದೊಡ್ಡದು ಎಂದು ವಾದಿಸುವುದು ಸುಲಭ. ನಮ್ಮ ಕಣ್ಣೆದುರು ಇನ್ನೊಬ್ಬರಿಗೆ ಸಿಗದೇ ಹೋಗುತ್ತಿರುವ ಹಕ್ಕೇ ಆ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡದು. ಅದಕ್ಕಾಗಿ ಎದ್ದು ನಿಂತಾಗಲೇ ನಮ್ಮ ಹಕ್ಕಿಗೂ ಬೆಲೆ.