ಬೆನ್ನು ಕೊಟ್ಟು ಬಂದ ಅಲಸಂದೆ

ಕೈ ತೋರಿಸು, ಇಂಚರಾ. ಆ ಕೈಯಲ್ಲ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೀಯಲ್ಲ, ಅದು. ನೋಡು, ಉಗುರಿನ ಸಂದಿಯೆಲ್ಲ ಮಣ್ಣು. ಹಿತ್ತಲಿನಲ್ಲಿ ಅಲಸಂದೆ ಊರಿದ ಪಾತಿಯನ್ನು ಮತ್ತೆ ಕೆದಕಿದ್ದೀಯ. ನಿಮ್ಮಪ್ಪನನ್ನೂ ಕರಿ. ಅವನ ಉಗುರಲ್ಲೂ ಮಣ್ಣಿರುವುದನ್ನು ನಾನು ಬೆಳಗ್ಗೆಯೇ ನೋಡಿದ್ದೇನೆ. ಇಬ್ಬರೂ ಈ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಕಥೆ ಹೇಳುತ್ತೇನೆ. ಮುದ್ದು ಮಾಡಿ ಹೇಳುವುದಿಲ್ಲ, ಕೋಪದಲ್ಲೇ ಹೇಳುತ್ತೇನೆ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಯಾವ ಗುಡ್ಡ ಎಲ್ಲಿ ಕೂರಬೇಕು ಎಂದು ಗುಡ್ಡಗಳು ಇನ್ನೂ ಜಗಳವಾಡುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಮಣ್ಣು ಮಾತಾಡುತ್ತಿತ್ತು, ಬೀಜಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಆಗೆಲ್ಲ ಮೊಳಕೆಗಳು ಮುಖ ಮೇಲೆ ಮಾಡಿಕೊಂಡು, ನೆಟ್ಟಗೆ, ನಗುತ್ತಾ ಮಣ್ಣಿನಿಂದ ಹೊರಗೆ ಬರುತ್ತಿದ್ದವು.

ಲೋಕಕ್ಕೆ ಮೊದಲನೆಯ ವಸಂತ ಬಂತು. ಹೊಂಗೆ ಚಿಗುರಿತು, ಬೇವು ಹೂ ಬಿಟ್ಟಿತು. ದ್ಯಾವ ಮತ್ತು ಕೆಂಚಿ ಎಂಬ ಎಳೆಯ ಗಂಡ ಹೆಂಡತಿ ಆಗಷ್ಟೇ ಒಂದು ಗುಡಿಸಲು ಕಟ್ಟಿಕೊಂಡಿದ್ದರು. ಅವರಿಗೆ ಬೆಳ್ಳಿ ಎಂಬ ಮಗಳು, ತೊಟ್ಟಿಲಲ್ಲಿ ಇನ್ನೊಂದು ಹಸುಗೂಸು. ಗುಡಿಸಲ ಹಿಂದೆ ಪುಟ್ಟ ಹಿತ್ತಲು.

ಭೂಮಿತಾಯಿ ಕೆಂಚಿಯ ಮಡಿಲಿಗೆ ಒಂದು ಹಿಡಿ ಅಲಸಂದೆ ಕಾಳು ಹಾಕಿದಳು. "ತಗೋ ಕೆಂಚವ್ವ. ಲೋಕದಲ್ಲಿ ಅಲಸಂದೆ ಅಂತ ಇರೋದು ಇಷ್ಟೇ. ಊರಿ, ನೀರು ಹಾಕಿ, ಆಮೇಲೆ ಸುಮ್ನಿರಿ. ಇದು ಹೋದ್ರೆ ನನ್ನ ಹತ್ರ ಇನ್ನೊಂದು ಕಾಳಿಲ್ಲ."

ಊರುವುದನ್ನು ಕಲಿತರು. ನೀರು ಹಾಕುವುದನ್ನೂ ಕಲಿತರು. ಸುಮ್ಮನಿರುವುದು ಮಾತ್ರ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಯಾವ ಮನೆಯಲ್ಲಿ ತಾನೆ ಬರುತ್ತದೆ!

ಬೆಳಗ್ಗೆ ಎದ್ದವನೇ ದ್ಯಾವ ಪಾತಿಯ ಹತ್ತಿರ ಹೋದ. "ಒಂದ್ಸಲ ನೋಡಿದ್ರೆ ಏನಾಗುತ್ತೆ?" ಎಂದು ಬೆರಳಿನಿಂದ ಮಣ್ಣು ಸರಿಸಿದ, ಕಾಳನ್ನು ಎತ್ತಿ ನೋಡಿದ, ಮತ್ತೆ ಮುಚ್ಚಿ ತಟ್ಟಿದ. ಮಧ್ಯಾಹ್ನ ಕೂಸನ್ನು ಮಲಗಿಸಿ ಕೆಂಚಿ ಬಂದಳು. "ಒಂದ್ಸಲ ನೋಡಿದ್ರೆ ಏನಾಗುತ್ತೆ?" ಎಂದಳು, ಮಣ್ಣು ಸರಿಸಿದಳು, ಎತ್ತಿ ನೋಡಿದಳು, ಮತ್ತೆ ಮುಚ್ಚಿ ತಟ್ಟಿದಳು. ಸಂಜೆ ಬೆಳ್ಳಿ ಬಂದಳು. ಅವಳೂ ಅದನ್ನೇ ಅಂದಳು, ಅದನ್ನೇ ಮಾಡಿದಳು. ಸಾಲದ್ದಕ್ಕೆ ಮೂಸಿ ಬೇರೆ ನೋಡಿದಳು.

ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ತಾನು ನೋಡಿದ್ದು ಒಂದೇ ಸಲ ತಾನೆ ಎಂದು ಪ್ರತಿಯೊಬ್ಬರಿಗೂ ಸಮಾಧಾನ.

ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ ಹಾಗೇ. ಕಾಳುಗಳು ಊದಿಕೊಂಡವು, ಸಿಪ್ಪೆ ಬಿರಿಯಿತು, ಬಿಳಿಯ ಬೇರು ಹೊರಗೆ ಇಣುಕಿತು. ಅದನ್ನು ಕಂಡ ಮೇಲೆ ಕೇಳಬೇಕೆ? ಕೆದಕುವುದು ಇನ್ನೂ ಜಾಸ್ತಿಯಾಯಿತು. ದ್ಯಾವನ ದಪ್ಪ ಬೆರಳಿಗೆ ಒಂದರ ಬೇರು ಮುರಿಯಿತು. ಕೆಂಚಿಯ ಉಗುರು ತಾಗಿ ಇನ್ನೊಂದರ ಎಳೆಯ ಮುಖ ಕಿತ್ತುಬಂತು. ಬೆಳ್ಳಿ ಕೆಲವನ್ನು ತಲೆಕೆಳಗು ಮಾಡಿ ಮುಚ್ಚಿದಳು, ಕೆಲವನ್ನು ಬಿಸಿಲಲ್ಲೇ ಮರೆತಳು. ಕೊನೆಗೆ ಕಲ್ಲಿನ ಪಕ್ಕ ಒಂದೇ ಒಂದು ಕಾಳು ಉಳಿಯಿತು.

ಅಲ್ಲಿಗೂ ದ್ಯಾವನ ಬೆರಳು ಬಂತು. ಕಾಳಿಗೆ ಮೈಯೆಲ್ಲ ಉರಿದುಹೋಯಿತು.

"ನಾನೇನು ಒಲೆ ಮೇಲಿನ ಅನ್ನವಾ, ಗಳಿಗೆಗೊಂದ್ಸಲ ಅಗುಳು ಹಿಸುಕಿ ನೋಡೋಕೆ?" ಎಂದು ಕೂಗಿತು. "ನಮ್ಮ ಅಕ್ಕತಂಗೀರನ್ನೆಲ್ಲ ನೋಡಿ ನೋಡಿಯೇ ಕೊಂದ್ರಲ್ಲ."

"ಆಸೆಗೆ ನೋಡಿದ್ದು ಕಣವ್ವ," ಎಂದ ದ್ಯಾವ. "ಪ್ರೀತಿಗೆ."

"ಪ್ರೀತಿ ಇದ್ರೆ ಕೈ ತೆಗಿ."

ಕೂಗು ಕೇಳಿ ಕೆಂಚಿ ಓಡಿಬಂದಳು. ಖಾಲಿ ಪಾತಿ ನೋಡಿ ಗಂಡನ ಮೇಲೆ ಹರಿಹಾಯ್ದಳು. "ನೀನಾ ಕೆದಕಿದ್ದು? ನಾನು ದಿನಕ್ಕೆ ಒಂದೇ ಸಲ ನೋಡಿದ್ದು."

"ಓಹೋ, ನೀನೂ ನೋಡಿದ್ಯಾ? ಮತ್ತೆ ನನ್ನನ್ನೇನು ಕೇಳ್ತೀಯ?"

ಬೆಳ್ಳಿ ಮೆಲ್ಲಗೆ ಗುಡಿಸಲ ಕಡೆ ಜಾರುತ್ತಿದ್ದಳು. ಇಬ್ಬರೂ ಅವಳ ಕಡೆ ತಿರುಗಿದರು. ಆಮೇಲೆ ಆ ಹಿತ್ತಲಿನಲ್ಲಿ ನಡೆದ ಜಗಳ ಏನು ಹೇಳಲಿ! ಮೂವರ ಕೈಯಲ್ಲೂ ಮಣ್ಣು, ಮೂವರ ಬಾಯಲ್ಲೂ "ನಾನಲ್ಲ, ನೀನು."

ಭೂಮಿತಾಯಿ ಗುಡುಗಿದಳು. "ಬಾಯಿ ಮುಚ್ಚಿ. ಇದು ಬಾಣಂತಿ ಕೋಣೆ ಇದ್ದ ಹಾಗೆ. ದಿನಾ ಬಾಗಿಲು ತೆಗೆದು ಇಣುಕ್ತಾರಾ?"

ಯಾರ ಕಿವಿಗೂ ಅದು ಬೀಳಲಿಲ್ಲ. ಅಷ್ಟರಲ್ಲಿ ಗಾಳಿ ಆ ದಾರಿಯಲ್ಲಿ ಬಂತು. ಗುಡಿಸಲೊಳಗೆ ತೊಟ್ಟಿಲು ಕಂಡಿತು. ಹೊದಿಕೆಯ ತುದಿ ಎತ್ತಿ ಕೂಸಿನ ಮುಖ ನೋಡಿತು. ಕೂಸು ಬೆಚ್ಚಿಬಿದ್ದು, ಉಸಿರು ಕಟ್ಟುವಂತೆ ಅಳತೊಡಗಿತು.

ಕೆಂಚಿ ಒಳಗೆ ಓಡಿದಳು. ಅವಳ ಸಿಟ್ಟು ನೆತ್ತಿಗೇರಿತ್ತು. "ಏ ಗಾಳಿ, ನಿಂಗೇನು ಬುದ್ಧಿ ಇಲ್ವಾ? ಈಗ ತಾನೆ ಕಣ್ಣು ಮುಚ್ಚಿತ್ತು ಕೂಸು. ಯಾಕೆ ಹೊದಿಕೆ ಎತ್ತಿದೆ?"

"ಒಂದ್ಸಲ ನೋಡಿದ್ರೆ ಏನಾಗುತ್ತೆ?" ಎಂದಿತು ಗಾಳಿ. "ನಿಮ್ಮ ಹಿತ್ತಲಲ್ಲಿ ಕೇಳಿಸಿಕೊಂಡ ಮಾತೇ ಇದು."

ಕೆಂಚಿ ಕೂಸನ್ನು ಎದೆಗೆ ಅವುಚಿಕೊಂಡು ಅಲ್ಲೇ ಕೂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಈಗ ಅದು ಗಾಳಿಯ ಮೇಲೆ ಇರಲಿಲ್ಲ, ಗಂಡನ ಮೇಲೂ ಇರಲಿಲ್ಲ. ತನ್ನ ಕೈಗಳನ್ನೇ ನೋಡುತ್ತಾ ಕೂತಳು.

ಕೂಸು ಮಲಗಿದ ಮೇಲೆ ಹೋಗಿ ಕಲ್ಲಿನ ಪಕ್ಕ ನಿಂತಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ತಪ್ಪಾಯ್ತು ಕಣವ್ವ. ನೀನು ಬರದೆ ಹೋದ್ರೆ ಲೋಕದಲ್ಲಿ ಅಲಸಂದೆ ಅನ್ನೋ ಹೆಸರೇ ಇರಲ್ಲ. ಬಾ."



"ಬರ್ತೀನಿ," ಎಂದಿತು ಕಾಳು. "ಆದ್ರೆ ನಿಮ್ಮನ್ನು ನಂಬಿ ಮುಖ ತೋರಿಸಿಕೊಂಡು ಬರಲ್ಲ. ಕತ್ತು ಬಗ್ಗಿಸಿ, ನಿಮಗೆ ಬೆನ್ನು ಕೊಟ್ಟು ಬರ್ತೀನಿ. ಬೆರಳು ಹಾಕೋರು ಬೆನ್ನಿಗೇ ಹಾಕಿ. ಸೂರ್ಯ ಬಂದು, ಯಾರ ಕೈಯೂ ಹತ್ರ ಇಲ್ಲ ಅಂತ ಹೇಳಿದ ಮೇಲೇ ನಾನು ತಲೆ ಎತ್ತೋದು."

ಆಮೇಲೆ ಆ ಮನೆಯವರು ಪಟ್ಟ ಪಾಡು ಅವರಿಗೇ ಗೊತ್ತು. ದ್ಯಾವ ಪಾತಿಗೆ ನೀರು ಹಾಕಿದವನೇ ಕೈ ಹಿಂದಕ್ಕೆ ಕಟ್ಟಿಕೊಂಡು ದೂರ ಹೋಗುತ್ತಿದ್ದ. ಬೆಳ್ಳಿ ತನ್ನ ಕೈಗಳ ಮೇಲೇ ಕೂರುತ್ತಿದ್ದಳು. ತಡೆಯಲಾರದೆ ಅಳುತ್ತಿದ್ದಳು, ಆದರೆ ಏಳುತ್ತಿರಲಿಲ್ಲ.

ಒಂದು ಬೆಳಗ್ಗೆ ಮಣ್ಣು ಸಣ್ಣಗೆ ಬಿರಿಯಿತು. ಬಿರುಕಿನಿಂದ ಹೊರಗೆ ಬಂದದ್ದು ಮುಖವಲ್ಲ, ಬಗ್ಗಿದ ಒಂದು ಬೆನ್ನು.

"ಅವ್ವ, ಅದಕ್ಕಿನ್ನೂ ಕೋಪ ಹೋಗಿಲ್ಲ," ಎಂದಳು ಬೆಳ್ಳಿ.

"ಹೋಗದಿದ್ರೂ ಬಂತಲ್ಲ ಮಗಳೇ," ಎಂದಳು ಕೆಂಚಿ.

ಸೂರ್ಯ ಬಂದ, ಸುತ್ತ ನೋಡಿದ, ಹೇಳಬೇಕಾದ್ದನ್ನು ಹೇಳಿದ. ಆಗ ಆ ಬೆನ್ನು ಮೆಲ್ಲಗೆ ನೆಟ್ಟಗಾಯಿತು, ತಲೆ ಮೇಲೆದ್ದಿತು, ಎರಡು ಎಲೆ ಬಿಚ್ಚಿತು. ಬಳ್ಳಿ ಗುಡಿಸಲ ಮೇಲೆ ಹಬ್ಬಿತು, ಕಾಯಿ ಬಿಟ್ಟಿತು. ಇವತ್ತು ಸಂತೆಯಲ್ಲಿ ಸಿಗುವ ಅಲಸಂದೆಯೆಲ್ಲ ಆ ಒಂದು ಸಿಟ್ಟಿನ ಕಾಳಿನ ಮೊಮ್ಮಕ್ಕಳೇ.

ರಾಗಿ ಯಾಕೆ ಸೂಜಿಯ ಹಾಗೆ ನೆಟ್ಟಗೆ ಬರುತ್ತದೆ ಎಂದು ಬಾಯಿ ತೆರೆಯಬೇಡ. ದ್ಯಾವ ಅದನ್ನೂ ಕೆದಕಿದ್ದ. ಅಷ್ಟು ಸಣ್ಣ ಕಾಳು ಅವನ ಕಣ್ಣಿಗೆ ಬೀಳಲಿಲ್ಲ, ಅದಕ್ಕೆ ಸಿಟ್ಟೂ ಬರಲಿಲ್ಲ.

ಈಗ ಎದ್ದು ಬನ್ನಿ, ಅಪ್ಪ ಮಗಳು ಇಬ್ಬರೂ. ನನ್ನ ಕೋಪವೂ ಇನ್ನೂ ಹೋಗಿಲ್ಲ, ಆದರೂ ತೋರಿಸುತ್ತೇನೆ. ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಆ ಮೂಲೆಯಲ್ಲಿ ನೀವು ಕೆದಕಲು ಮರೆತ ಜಾಗ ನೋಡಿ, ಮಣ್ಣು ಬಿರಿದಿದೆ. ಅವತ್ತು ದ್ಯಾವನ ಹಿತ್ತಲಿನಲ್ಲಿ ಹುಟ್ಟಿದ ಸಿಟ್ಟಿಗೇ, ಅಲ್ಲಿ ಆ ಅಲಸಂದೆ ಮೊಳಕೆ ಕತ್ತು ಬಗ್ಗಿಸಿ, ನಮಗೆ ಬೆನ್ನು ಕೊಟ್ಟು ಬರುತ್ತಿದೆ.