ಹೋಗಿ ಬರ್ತೀನಿ

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಮರುಳಯ್ಯ ಅನ್ನುವ ಗುರುಗಳಿದ್ದರು, ಕೊಟ್ರ ಅನ್ನುವ ಶಿಷ್ಯನಿದ್ದ. ಗುರುಗಳಿಗೆ ಇಂಗ್ಲಿಷು ಬರುತ್ತಿತ್ತು. ದೂರ ದೇಶದಿಂದ ಬಂದವರ ಹತ್ತಿರ ನಾಲ್ಕು ಮಾತಾಡಲಿ ಅಂತ ಶಿಷ್ಯನಿಗೂ ಕಲಿಸುತ್ತಿದ್ದರು.

ಒಂದು ದಿನ ಕೊಟ್ರ ಪಾಠ ಒಪ್ಪಿಸಿದ. "ಐ ಗೋ, ಐ ಕಮ್."

"ಇದೇನೋ ಇದು?"

"ಹೋಗಿ ಬರ್ತೀನಿ, ಗುರುಗಳೇ."

ಗುರುಗಳು ತಲೆಗೆ ಮೊಟಕಿದರು. "ಕನ್ನಡಕ್ಕೆ ಕೋಟು ತೊಡಿಸಿದರೆ ಇಂಗ್ಲಿಷಾಗುತ್ತಾ? ಅವರು ಹಾಗನ್ನಲ್ಲ. ಐ ಆಮ್ ಗೋಯಿಂಗ್ ಅನ್ನು."

"ಬರೋದು?"

"ಅದನ್ನ ಅವರು ಹೇಳಲ್ಲ."

ಕೊಟ್ರ ಹಾಗೇ ಬಾಯಿಪಾಠ ಮಾಡಿಕೊಂಡ.

ಆ ವರ್ಷ ಎಡ್ಗರ್ ಅನ್ನುವ ಮುದುಕ ಹೊಳೆ ನೋಡಲು ಬಂದ. ಬಂದವನು ಜ್ವರ ಹಿಡಿದು ಮಲಗಿಬಿಟ್ಟ. ಕನ್ನಡ ಒಂದಕ್ಷರ ಬಾರದು. ತನ್ನವರು ಅಂತ ಯಾರೂ ಇಲ್ಲ. ಕೊಟ್ರನೇ ಅವನ ಬಾಯಿಗೆ ಗಂಜಿ ಹಿಡಿಯುತ್ತಿದ್ದ.

ಒಂದು ಬೆಳಿಗ್ಗೆ ಔಷಧಿ ಮುಗಿಯಿತು. ಆಚೆ ದಡದ ವೈದ್ಯರ ಹತ್ತಿರ ಹೋಗಿ ತರಬೇಕು. ಕೊಟ್ರ ಮಂಚದ ಹತ್ತಿರ ನಿಂತು, ಒಂದೂ ತಪ್ಪಿಲ್ಲದೆ ಹೇಳಿದ. "ಐ ಆಮ್ ಗೋಯಿಂಗ್."

ಮುದುಕ ಅವನ ಮುಖ ನೋಡಿದ. ಆಮೇಲೆ ಗೋಡೆಯ ಕಡೆ ಹೊರಳಿದ. ಗಂಜಿ ಹಿಡಿದರೆ ಬಾಯಿ ತೆರೆಯಲಿಲ್ಲ.

ಕೊಟ್ರ ಓಡಿ ಬಂದ. "ಗುರುಗಳೇ, ಅಜ್ಜ ಗಂಜಿ ಬಿಟ್ಟ!"

"ನೀನು ಏನಂದೆ?"

"ನೀವು ಹೇಳಿಕೊಟ್ಟದ್ದೇ. ಐ ಆಮ್ ಗೋಯಿಂಗ್."

"ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅಂದರೆ ನಿಮ್ಮವ್ವ ಏನನ್ನುತ್ತಿದ್ದಳು?"

"ಬಿಡ್ತು ಅನ್ನು ಅಂತ ಬೆನ್ನಿಗೆ ಗುದ್ದುತ್ತಿದ್ದಳು. ಹೋಗಿ ಬರ್ತೀನಿ ಅಂದ ಮೇಲೇ ದಾರಿ ಬಿಡೋಳು."

"ಮತ್ತೆ ಆ ಜೀವಕ್ಕೆ ಅರ್ಧ ಮಾತು ಯಾಕೆ ಕೊಟ್ಟೆ?"

"ಅಯ್ಯೋ, ಮೊಟಕಿದ್ದು ನೀವೇ ಅಲ್ವಾ!"

"ಮೊಟಕಿದ್ದೆ. ಅವತ್ತು ನಿನ್ನೆದುರಿಗೆ ಹಲಗೆ ಇತ್ತು. ಇವತ್ತು ಮನುಷ್ಯ ಇದ್ದಾನೆ."

ಕೊಟ್ರ ತಿರುಗಿ ಹೋದ. ಮುದುಕನ ಕೈ ಹಿಡಿದು, ನಾಚಿಕೊಂಡೇ ಹೇಳಿದ. "ಐ ಗೋ. ಐ ಕಮ್."

ಮುದುಕ ಮೆಲ್ಲಗೆ ಈ ಕಡೆ ಹೊರಳಿದ. "ಕಮ್?"

"ಕಮ್, ಅಜ್ಜ."

ಮುದುಕ ಬಾಯಿ ತೆರೆದ. ಬಟ್ಟಲ ತಳ ಕಾಣುವವರೆಗೆ ಕುಡಿದ.

ಕೊಟ್ರನಿಗೆ ಮೈ ಜುಮ್ಮೆಂದಿತು. ಚಿಟಿಕೆಯಷ್ಟು ಮಾತು. ಅದು ಒಳಗೆ ಹೋಗಿ ಯಾವ ಕದ ತಟ್ಟಿತೋ, ಯಾರು ಬಲ್ಲರು!

ಹರಿಗೋಲಿನಲ್ಲಿ ಹೊಳೆ ದಾಟಿದ. ವೈದ್ಯರು ಅರೆದು ಕೊಟ್ಟದ್ದನ್ನು ಮಡಿಲಲ್ಲಿ ಕಟ್ಟಿಕೊಂಡು ದಡಕ್ಕೆ ಬಂದರೆ, ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಏರಿತ್ತು. ಅಂಬಿಗರ ದುರುಗಪ್ಪ ಹರಿಗೋಲನ್ನು ಮರಳ ಮೇಲೆ ಬೋರಲು ಹಾಕುತ್ತಿದ್ದ.

"ಅಣ್ಣಾ, ದಾಟಿಸು."

"ಇವತ್ತು ಆಗಲ್ಲ ಮಾರಾಯ. ನಾಳೆ ನೋಡೋಣ."

"ಅಜ್ಜನಿಗೆ ಬರ್ತೀನಿ ಅಂದಿದ್ದೀನಿ. ಇಂಗ್ಲಿಷಲ್ಲಿ ಅಂದಿದ್ದೀನಿ."

"ಅಂದಿರಬಹುದು. ಹೊಳೆಗೆ ಇಂಗ್ಲಿಷು ತಿಳೀಬೇಕಲ್ಲ!"

"ಮೇಲಿನ ಸೇತುವೆ ಎಷ್ಟು ದೂರ?"

"ಹುಚ್ಚಾ ನಿನಗೆ? ಸೇತುವೆ ಸುತ್ತಿಕೊಂಡು ಹೋದರೆ ದೀಪ ಹಚ್ಚೋ ಹೊತ್ತಾಗುತ್ತೆ."

ಆ ಮಾತು ಮುಗಿಯುವಾಗ ಕೊಟ್ರ ಮರಳು ದಾಟಿ ಜಾಲಿಯ ಪೊದೆಯೊಳಗೆ ನುಗ್ಗಿದ್ದ.

ಆಶ್ರಮದಲ್ಲಿ ಮುದುಕ ಕೈಸನ್ನೆ ಮಾಡಿ ಮಂಚವನ್ನು ಬಾಗಿಲ ಕಡೆ ತಿರುಗಿಸಿಕೊಂಡಿದ್ದ. ಏಳಲಾರದವನು ಎದ್ದು ಕೂತಿದ್ದ. ಕಣ್ಣೆಲ್ಲ ದಾರಿಯ ಮೇಲೆ.

ದೀಪ ಹಚ್ಚುವ ಹೊತ್ತಿಗೆ ಕೊಟ್ರ ಬಾಗಿಲಲ್ಲಿ ನಿಂತ. ಅಂಗಾಲಲ್ಲಿ ಮುಳ್ಳು, ಮೈಯೆಲ್ಲ ಕೆಸರು.

ಮುದುಕ ಎರಡೂ ಕೈ ಚಾಚಿ ಅವನ ಮುಖ ಮುಟ್ಟಿದ. ಹಣೆ, ಕೆನ್ನೆ, ಗಲ್ಲ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದ. ದೇವರೇ ಹೊಸ್ತಿಲು ದಾಟಿ ಬಂದಂತೆ ನೋಡಿದ. ಆಮೇಲೆ ಔಷಧಿ ಕುಡಿದು, ಕೂಸಿನ ಹಾಗೆ ನಿದ್ದೆಹೋದ.

ಕೊಟ್ರ ಹೊರಗೆ ಬಂದು ಜಗಲಿಯ ಮೇಲೆ ಕೂತ. ಗುರುಗಳು ತಂಬಿಗೆ ತಂದು, ಅವನು ಬೇಡ ಬೇಡ ಅಂದರೂ ಬಿಡದೆ, ಅವನ ಕಾಲಿಗೆ ನೀರು ಹುಯ್ದರು.

"ಗುರುಗಳೇ, ಐ ಗೋ, ಐ ಕಮ್ ಅನ್ನೋದು ತಪ್ಪು ಮಾತಲ್ವಾ?"

"ಬೆಳಿಗ್ಗೆ ತಪ್ಪಿತ್ತಪ್ಪ. ನೀನು ನಡೀತಾ ನಡೀತಾ ತಿದ್ದಿಕೊಂಡು ಬಂದೆ."